ಎರಡೂ ಗಂಡಿನ ಕಡೆ

ಮಂಗಳ ಗ್ರಹದ ಕಲ್ಯಾಣ ಮಂಟಪದ ಹೊರಗೆ, ರೇಷ್ಮೆ ಸೀರೆಯ ಮೇಲೆ ಆಕ್ಸಿಜನ್ ಸಿಲಿಂಡರ್ ಹೊತ್ತು ಸುಕನ್ಯಮ್ಮ ಕದಲದೆ ನಿಂತಿದ್ದರು. ಆರತಿ ಎತ್ತಿ ಕರೆಯದೆ ಗಂಡಿನ ತಾಯಿ ಒಳಗೆ ಕಾಲಿಡುವುದುಂಟೇ?

ಪಕ್ಕದಲ್ಲಿ ಬೀಗಿತ್ತಿ ನೀಲವ್ವನೂ ಹಾಗೇ ನಿಂತಿದ್ದರು. ಅವರ ಮಗನೂ ಮದುಮಗನೇ.

"ಹೋಗಿ ಆರತಿ ತಟ್ಟೆ ತನ್ನಿ," ಎಂದರು ಸುಕನ್ಯಮ್ಮ.

"ನೀವ ತಗೊಂಡು ಬರ್ರಿ. ನಾವೂ ಗಂಡಿನ ಕಡೆಯವ್ರ."

ಮುಹೂರ್ತ ಸಮೀಪಿಸಿತು. ಇಬ್ಬರ ಸಿಲಿಂಡರಿನಲ್ಲೂ ಗಾಳಿ ಮುಗಿಯುತ್ತಾ ಬಂದು ಕೆಂಪು ದೀಪ ಹತ್ತಿತು. ಬಿಗುಮಾನ ಮಾತ್ರ ಇಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮದುಮಗಂದಿರಿಬ್ಬರೂ ಸೇರಿ ಹೋದ ವರ್ಷ ದತ್ತು ಪಡೆದ ಮಗಳು ಇಂಚರ, ಆರತಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ನಮ್ಮನೇಲಿ ಹೆಣ್ಣು ನಾನೊಬ್ಬಳೇ. ಅದಕ್ಕೆ ಹೆಣ್ಣಿನ ಕಡೆಯೋಳೂ ನಾನೇ. ಒಳಗೆ ಬನ್ನಿ ಅಜ್ಜಿ."

ಕರೆದದ್ದು ತಮ್ಮನ್ನೇ ಎಂದುಕೊಂಡು ಇಬ್ಬರೂ ಒಟ್ಟಿಗೇ ನುಗ್ಗಿದರು. ಬಾಗಿಲು ಸಾಲಲಿಲ್ಲ.