ಅಳತೆ ಸರಿಹೋಯಿತು

"ಕೂತ್ಕಂತು ನೋಡಮ್ಮ" ಎಂದು ಕಂಪ್ಯೂಟರ್ ರಿಪೇರಿ ಅಂಗಡಿಯ ಮುಜೀಬ್ ಸ್ಕ್ರೂ ಬಿಗಿದಾಗ ಭಾನುಪ್ರಿಯ ಸ್ಟೂಲಿನಿಂದ ಅರ್ಧ ಎದ್ದೇಬಿಟ್ಟಳು. ಇದು ಫೈಲುಗಳನ್ನು ಹಿಡಿದಿಡುವ ಡಿಸ್ಕು, ಅವಳು ತಂದ ಮೂರನೆಯ ಎಸ್‌ಎಸ್‌ಡಿ. ಮೊದಲು ತಂದದ್ದು ಉದ್ದವಾಗಿ, ಆ ಪುಟ್ಟ ಲ್ಯಾಪ್‌ಟಾಪಿನೊಳಗೆ ಸ್ಕ್ರೂ ಕೂರುವ ಜಾಗ ದಾಟಿ ಚಾಚಿಕೊಂಡಿತ್ತು. ಎರಡನೆಯದು ಉದ್ದಕ್ಕೇನೋ ಸರಿಯಿತ್ತು, ಆದರೆ ತುದಿಯ ಕಚ್ಚು ಬೇರೆ ಕಡೆ ಇದ್ದು ಸ್ಲಾಟಿನೊಳಕ್ಕೆ ಇಳಿಯಲೇ ಇಲ್ಲ. ಈ ಸಲ ಅವಳು ಹಾರೋಹಳ್ಳಿಯ ಫ್ಯಾಕ್ಟರಿಗೆ ರಜೆ ಹಾಕಿ, ಹಳೆಯದರ ಫೋಟೊ ಹಿಡಿದುಕೊಂಡು ಬೆಂಗಳೂರಿಗೆ ಹೋಗಿ, ಅಂಗಡಿಯವನು ಬೇಸರಪಟ್ಟುಕೊಂಡರೂ ಬಿಡದೆ ಸ್ಕೇಲಿಟ್ಟು ಅಳೆದು ತಂದಿದ್ದಳು.

ಹಳೆಯದನ್ನು ಬಿಚ್ಚುವ ಮೊದಲು ಮುಜೀಬ್ ಕೇಳಿದ್ದ: "ಇದ್ರಲ್ಲಿರೋದ್ನೆಲ್ಲ ಹೊಸದಕ್ಕೆ ಎತ್ತಾಕ್ಲಾ?"

"ಬ್ಯಾಡಿ ಮುಜೀಬಣ್ಣ. ಆ ಕಸನೂ ಜೊತೇಲಿ ಬಂದ್ರೆ ತಿರ್ಗಾ ನಿಧಾನ ಆಯ್ತದೆ. ಬೇಕಾಗಿರೋದು ಪೆನ್‌ಡ್ರೈವಲ್ಲೈತೆ."

"ತೆಗ್ದು ನೋಡಿದೀರಾ?"

"ನೋಡಿದೀನಿ ಕಣಣ್ಣ."

ಸುಳ್ಳಲ್ಲ. ಮನೆಯಲ್ಲಿ ಅದೇ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿ, 'ಅಪ್ಪ' ಎಂಬ ಫೋಲ್ಡರು ತೆರೆದುಕೊಳ್ಳುವ ತನಕ ಹತ್ತು ನಿಮಿಷ ಕಾದು ನೋಡಿದ್ದಳು. ಇನ್ನೂರ ಹನ್ನೆರಡು ಫೈಲುಗಳ ಹೆಸರೂ ಸಾಲಾಗಿ ಇದ್ದವು.

ಮುಜೀಬ್ ವಿಂಡೋಸ್ ತುಂಬಿಸಿದ ಮೇಲೆ ಹೊಸ ಡಿಸ್ಕಿನ ಲ್ಯಾಪ್‌ಟಾಪು ಕಣ್ಣು ಮಿಟುಕಿಸುವಷ್ಟರಲ್ಲಿ ಹೊತ್ತಿಕೊಂಡಿತು. ಭಾನುಪ್ರಿಯ ನಗುತ್ತಲೇ ಪೆನ್‌ಡ್ರೈವ್ ಹಾಕಿ 'ಅಪ್ಪ'ನ ಮೇಲೆ ಒತ್ತಿದಳು. ಅಂಥದ್ದೊಂದು ಇಲ್ಲವೆಂದು ಪರದೆ ಹೇಳಿತು. ಮತ್ತೆ ಒತ್ತಿದಳು. ಮುಜೀಬ್ ಬಗ್ಗಿ ನೋಡಿದ. ಅವನ ಬೆರಳು ಆ ಚಿತ್ರದ ಮೂಲೆಯಲ್ಲಿದ್ದ ಸಣ್ಣ ಬಾಣದ ಗುರುತಿನ ಮೇಲೆ ನಿಂತಿತು.

"ಇದು ಫೋಲ್ಡರ್ರಲ್ಲಮ್ಮ, ಶಾರ್ಟ್‌ಕಟ್ಟು. ಹಳೇ ಡಿಸ್ಕಲ್ಲಿ ಇಂಥ ಕಡೆ ಐತೆ ಅಂತ ದಾರಿ ತೋರ್ಸೋದು ಅಷ್ಟೆ. ಇದ್ರೊಳಗೆ ಏನೂ ಇಲ್ಲ."

"ಸರಿ, ಹಳೇದನ್ನ ಕೊಡಿ ಮತ್ತೆ. ಅದ್ರಿಂದ್ಲೇ ತಕ್ಕೊಳವ."

ಮುಜೀಬ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಹಳೆಯ ಡಿಸ್ಕು ಪಕ್ಕದ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇತ್ತು. "ಅಳಿಸ್ಬುಟ್ಟೆ ತಾಯಿ" ಎಂದ. "ಯಾರ್ದೇ ಬರ್ಲಿ, ಮೊದ್ಲು ಅದೇ ಮಾಡೋದು ನಾನು. ಹೆಣ್ಮಕ್ಳ ಫೋಟೊ ಗೀಟೊ ಇನ್ನೊಬ್ರ ಕೈಗೆ ಸಿಕ್ಬಾರ್ದು ಅಂತ."

"ಬರಕಿಲ್ವಾ?"

"ಹಳೇ ಕಾಲದ ತಿರುಗೋ ಡಿಸ್ಕಾಗಿದ್ರೆ ಏನಾರ ಸಿಕ್ತಿತ್ತೇನೋ, ಇದ್ರಲ್ಲಿ ಅಳಿಸಿದ್ರೆ ಮುಗೀತು..." ಎಂದವನು ಆದರೂ ಊಟಕ್ಕೆ ಹೋಗದೆ, ಬೇರೆ ಗಿರಾಕಿಗಳನ್ನೂ ವಾಪಸು ಕಳಿಸಿ ಎರಡು ಗಂಟೆ ಹುಡುಕಿದ. ಸಿಕ್ಕಿದ್ದು ಬರೀ ಸೊನ್ನೆಗಳು. "ಏನಿತ್ತಮ್ಮ ಅದ್ರಲ್ಲಿ?"

"ನಮ್ಮಪ್ಪನ ಮಾತು" ಎಂದಳು ಭಾನುಪ್ರಿಯ.

ನಟರಾಜು ಕನಕಪುರದ ರೂಟಿನಲ್ಲಿ ಇಪ್ಪತ್ತಾರು ವರ್ಷ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದವನು. ಗಂಟಲಲ್ಲಿ ಗಡ್ಡೆ ಎದ್ದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ ಮೇಲೆ ಆಪರೇಷನ್ನಿಗೆ ಹದಿನೆಂಟು ದಿನ ಉಳಿದಿತ್ತು. ಅಷ್ಟೂ ದಿನ ಮಗಳು ತಾನು ಕಾಲೇಜಿನಲ್ಲಿ ಬಳಸಿದ್ದ ಲ್ಯಾಪ್‌ಟಾಪನ್ನು ಅವನ ಮುಂದಿಟ್ಟು, ಮುಂದೆ ಅವನ ಪರವಾಗಿ ಅದೇ ಮಾತಾಡಲೆಂದು ಅವನ ಮಾತು ರೆಕಾರ್ಡ್ ಮಾಡಿ ಕೂಡಿಹಾಕಿದ್ದಳು. ಹಸಿವು, ನೋವು, ಬೈಗುಳ, ಎಮ್ಮೆ ಕರೆಯುವ ಕೂಗು ಎಲ್ಲ. ದಿನವೂ ಬೇಕಾಗುವ ಒಂದೊಂದು ಮಾತಿಗೆ ಒಂದೊಂದು ಕೀ. ಎಸ್ ಒತ್ತಿದರೆ "ಸಿದ್ದೀ, ಬಾ ಇಲ್ಲಿ". ಅದು ಹೆಂಡತಿ ಸಿದ್ದಮ್ಮನಿಗೆ. ಅವಳಿಗೆ ಓದು ಬಾರದು. ಅವನು ಸ್ಲೇಟಿನಲ್ಲಿ ಬರೆದದ್ದು ಅವಳ ಪಾಲಿಗೆ ಬರೀ ಗೀಟು. ಆಪರೇಷನ್ ಮುಗಿಸಿ ಬರುವಷ್ಟರಲ್ಲಿ ಲ್ಯಾಪ್‌ಟಾಪು ತುಂಬಿ, ಕೀ ಒತ್ತಿದರೆ ಹತ್ತು ನಿಮಿಷ ಕಾಯಿಸುವಂತಾಗಿತ್ತು. ಅಂದಿನಿಂದ ಅವನು ಸ್ಟೀಲ್ ಲೋಟ ಕುಟ್ಟಿ ಹೆಂಡತಿಯನ್ನು ಕರೆಯುತ್ತಿದ್ದ.

ತಮ್ಮೂರು ದೊಡ್ಡಆಲಹಳ್ಳಿಗೆ ಹೋಗುವ ಬಸ್ಸಿನಲ್ಲಿ ಭಾನುಪ್ರಿಯ ಫೋನನ್ನೆಲ್ಲ ತಡಕಾಡಿದಳು. ಅಪ್ಪ ವಾಯ್ಸ್ ಮೆಸೇಜು ಕಳಿಸಿದವನೇ ಅಲ್ಲ. ಬೇಕೆಂದಾಗ ಫೋನು ಮಾಡಿ ಮಾತಾಡುತ್ತಿದ್ದ. ಮದುವೆ ವಿಡಿಯೊ ಒಂದರಲ್ಲಿ ಓಲಗದ ನಡುವೆ ಅವನ ಬಾಯಿ ಅಲ್ಲಾಡುತ್ತಿತ್ತು, ಅಷ್ಟೆ. ಹೇಗೆ ಹೇಳುವುದೆಂದು ಮೂರು ಥರ ಯೋಚಿಸಿಕೊಂಡಳು. ಮನೆ ಬಾಗಿಲು ದಾಟುವಷ್ಟರಲ್ಲಿ ಮೂರೂ ಮರೆತುಹೋದವು.

ಏಕೆಂದರೆ ನಟರಾಜು ಕಾಯುತ್ತಿದ್ದ. ಗಡ್ಡ ಹೆರೆದುಕೊಂಡು, ಕತ್ತಿನ ತೂತಿಗೆ ಒಗೆದ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದವನು ಅವಳ ಕೈಯಿಂದ ಲ್ಯಾಪ್‌ಟಾಪು ತೆಗೆದುಕೊಂಡು ತಾನೇ ತೆರೆದ. ಅದು ಥಟ್ಟನೆ ಹೊತ್ತಿಕೊಂಡದ್ದಕ್ಕೆ ಹುಬ್ಬೇರಿಸಿ ಮಗಳನ್ನು ನೋಡಿದ.

"ಸರಿಯಾದ್ದು ಸಿಕ್ತೇನವ್ವ ಕೊನೇಗೆ?" ಎಂದು ಸಿದ್ದಮ್ಮ ಒಲೆ ಮುಂದಿನಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗಂಡನ ಎದುರಿಗೆ ಕೂತಳು.

"ಸಿಕ್ತವ್ವ. ಆದ್ರೆ..."

ಅಷ್ಟರಲ್ಲಿ ನಟರಾಜು ಹೆಂಡತಿಯನ್ನೇ ನೋಡುತ್ತ ಎಸ್ ಒತ್ತಿದ. ಒಂದು ಗಳಿಗೆ ಕಾದ. ಮತ್ತೆ ಒತ್ತಿದ. ಆಮೇಲೆ ತಲೆ ಬಗ್ಗಿಸಿ ಸೌಂಡಿನ ಕೀ ಹುಡುಕಿ ಒಂದೊಂದೇ ಮೆಟ್ಟಿಲು ಏರಿಸುತ್ತ ಕೊನೆಯ ತನಕ ಏರಿಸಿದ.

ಸಿದ್ದಮ್ಮ ಮುಂದಕ್ಕೆ ಬಾಗಿ, ಕಿವಿಯನ್ನು ಆ ಪೆಟ್ಟಿಗೆಯ ಹತ್ತಿರ ತಂದಳು.

"ಭಾನು, ಆ ಫ್ಯಾನ್ ಒಸಿ ಆರ್ಸವ್ವ" ಎಂದಳು. "ನಿಮ್ಮಪ್ಪ ಏನಂತಾವ್ರೆ ಅಂತ ಕೇಳಿಸ್ತಿಲ್ಲ."