ಎರಡನೇ ಚೀಟಿ

ಮ್ಯೂಸಿಯಂನಲ್ಲಿ ಕೀಟಗಳನ್ನು ನೋಡಿಕೊಳ್ಳುವ ಮೇಡಂ ಗಾಜಿನ ಮುಚ್ಚಳ ಎತ್ತಿದ್ದೇ ತಡ, ಒಣಗಿಸಿ ಇಟ್ಟಿದ್ದ ಅಂಗೈಯಗಲದ ಪತಂಗದ ರೆಕ್ಕೆ ಕಳಚಿ ಬಿತ್ತು. ಟೊಳ್ಳಾದ ಹೊಟ್ಟೆಯಿಂದ ಎಳ್ಳಿನಷ್ಟು ಜೀರುಂಡೆಯೊಂದು ಆರಾಮವಾಗಿ ಹೊರಗೆ ಬಂತು.

“ನುಸಿಗುಳಿಗೆ ತರಿಸಿ ಅಂತ ಆರು ತಿಂಗಳಿಂದ ಬಡ್ಕೊಳ್ತಿದೀನಿ ಸರ್!”

“ಈಗ ಅದೆಲ್ಲ ಯಾಕಮ್ಮ?” ಮ್ಯೂಸಿಯಂನ ಸಾಹೇಬರು ಗಡಿಯಾರ ನೋಡಿದರು. “ಎರಡು ಬೇರೆ ಬೇರೆ ಕೀಟ, ಅವು ಎಲ್ಲಿ ವಾಸ ಮಾಡ್ತವೆ, ಇಷ್ಟು ತೋರಿಸಿದ್ರೆ ಆಯ್ತು. ಮಕ್ಕಳ ಬಸ್ಸು ಬಂದುಬಿಟ್ಟಿದೆ.”

ಮೇಡಂ ಹಲ್ಲು ಕಚ್ಚಿ ಮುಚ್ಚಳ ಹಾಗೇ ಮುಚ್ಚಿದರು, ಜೀರುಂಡೆಯೂ ಒಳಗೇ. ‘ಪತಂಗ. ವಾಸ: ಕಾಡಿನ ಎತ್ತರದ ಮರಗಳು’ ಎಂಬ ಹಳೆಯ ಚೀಟಿಯ ಪಕ್ಕ ಹೊಸದೊಂದನ್ನು ಬರೆದು ಅಂಟಿಸಿದರು: ‘ಜೀರುಂಡೆ. ವಾಸ: ಪಕ್ಕದ ಪತಂಗದ ಹೊಟ್ಟೆ. ಸಾಕಿದವರು: ನಮ್ಮ ಸಾಹೇಬರು.’