ಗೋಡೆಯ ಮೇಲೆ ಅವ್ವನ ಎದೆ

ತೀರಿಕೊಂಡವರ ಫೋಟೊ ತೂಗುಹಾಕುವ ಪದ್ಧತಿ ಹೋಗಿ ಬಹಳ ಕಾಲವಾಯಿತು. ಈಗ ಎಲ್ಲರ ಮನೆಯಂತೆ ನಮ್ಮ ಪಡಸಾಲೆಯ ಗೋಡೆಯಲ್ಲೂ, ಸೇವಂತಿಗೆ ಹಾರದೊಳಗೆ, ಅವ್ವ ಬದುಕಿದ್ದಾಗ ತೆಗೆಸಿಟ್ಟ ಅವಳ ಹೃದಯದ ಚಲಿಸುವ ಎಕ್ಸ್-ರೇ ಚಿತ್ರ ಬಡಿಯುತ್ತಿರುತ್ತದೆ.

ಪುಣ್ಯತಿಥಿಗೆ ಬಂದವರಿಗೆ ಅಪ್ಪ ಬೆರಳಿಟ್ಟು ತೋರಿಸಿದ. “ಇಲ್ಲಿ ನೋಡ್ರಿ, ಚಿತ್ರ ತೆಗೆಯೋವಾಗ ನಾ ಒಳಗ ಬಂದೆ. ಆಕಿ ಎದಿ ಹೆಂಗ ಜಿಗೀತು!”

“ಗಂಡನ ಮ್ಯಾಲ ಎಷ್ಟ್ ಜೀವ ಇಟ್ಟಿದ್ಲು!” ಎಂದು ಸೋದರತ್ತೆ ನೀಲವ್ವ ಕಣ್ಣೊರೆಸಿಕೊಂಡಳು.

ಆ ಹೃದಯದ ಮುಂದೆಯೇ, ಮುರಿದು ಕೂಡಿಕೊಂಡ ಎರಡು ಪಕ್ಕೆಲುಬುಗಳೂ ಎದ್ದು ಕಾಣುತ್ತವೆ. ಅವುಗಳ ಬಗ್ಗೆ ಯಾರೂ ಕೇಳಲಿಲ್ಲ.

ಅಪ್ಪ ನನ್ನತ್ತ ತಿರುಗಿದ. “ಮದುವಿಗಿಂತ ಮೊದ್ಲ ನಿಂದೂ ಒಂದು ತೆಗಸೂಣು ಮಗಳ. ನಾನೂ ಜೋಡಿ ಬರ್ತೀನಿ.”

ಅವ್ವನದರ ಹಾಗೆಯೇ ನನ್ನ ಎದೆಯೂ ಜಿಗಿಯಿತು.